ಪ್ರೇಮಿಗಳಿಗೆ ಅಡ್ಡಿಯೇ ಇಲ್ಲದ ಮೇಲೆ ಲ್ಯಾಗ್ ಆಗದೆ ಇನ್ನೇನು?

ಹಾಸನದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನಾವು ಐದಾರು ಗೆಳೆಯರು ಹೊಸ ಸಿನಿಮಾಗಳ ಬಗ್ಗೆ ತಪ್ಪದೆ ಅಭಿಪ್ರಾಯ ಹಂಚಿಕೊಳ್ಳುವವರು. ಇತ್ತೀಚಿನ ಲವ್ ಕಾಮಿಡಿಗಳೆಲ್ಲ ಒಂದೇ ಥರ, ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗ್. ಹಾಗಾಗಿ ಆ್ಯಕ್ಷನ್ ಚಿತ್ರಕ್ಕೆ ಮಾತ್ರ ಥಿಯೇಟರಿಗೆ ಹೋಗುತ್ತೇವೆ. ಲವ್ ಸಿನಿಮಾಗಳನ್ನು ಒಟಿಟಿಗೆ ಬಂದ ಮೇಲೆ ಒಂದೂವರೆ ಸ್ಪೀಡಿನಲ್ಲಿ ನೋಡಿ ಮುಗಿಸುತ್ತೇವೆ. 'ಮುಂಗಾರು ಮಳೆ'ಯಂಥದ್ದು ಈಗೇಕೆ ಬರುವುದಿಲ್ಲ? ನಿಮ್ಮ ಪತ್ರಿಕೆಯಾದರೂ ವಿಮರ್ಶೆಗೆ ಸ್ಟಾರ್ ಕೊಟ್ಟರೆ ಯಾವುದನ್ನು ಬಿಡಬೇಕೆಂದು ಗೊತ್ತಾಗುತ್ತದೆ."

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಮೂರು ದೂರುಗಳಿವೆ, ಜೊತೆಗೆ ನಿಮಗೇ ತಿಳಿಯದಂತೆ ಒಂದು ತಪ್ಪೊಪ್ಪಿಗೆಯೂ ಇದೆ. ಅಲ್ಲಿಂದಲೇ ಶುರು ಮಾಡೋಣ. ಒಂದೂವರೆ ಸ್ಪೀಡಿನಲ್ಲಿ ಹಾಸ್ಯಚಿತ್ರ ನೋಡಿ ನಗು ಬರಲಿಲ್ಲ ಅಂದರೆ ಯಾರನ್ನು ದೂರಬೇಕು ಮಾರಾಯರೇ?

ಸಿನಿಮಾ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಕತ್ತರಿಸಿ ಜೋಡಿಸಿದ ವಸ್ತು. "ನಿಮಗೆ ಮದುವೆ ಆಗಿದೆಯಾ?" ಎಂದು ಹುಡುಗ ಕೇಳುತ್ತಾನೆ ಅಂದುಕೊಳ್ಳಿ. ಹುಡುಗಿ ಎರಡು ಸೆಕೆಂಡು ಅವನ ಮುಖವನ್ನೇ ನೋಡಿ, "ಯಾಕೆ, ಊಟ ತಪ್ಪಿಹೋಯ್ತಾ?" ಅನ್ನುತ್ತಾಳೆ. ನಗು ಹುಟ್ಟುವುದು ಮಾತಿನಲ್ಲಲ್ಲ, ಅದಕ್ಕೆ ಮೊದಲಿನ ಆ 48 ಫ್ರೇಮುಗಳಲ್ಲಿ. ಸಂಕಲನಕಾರ ಅಲ್ಲಿ ಆರು ಫ್ರೇಮು ಇರಲೋ ತೆಗೆಯಲೋ ಎಂದು ಕೂತು ತಲೆ ಕೆಡಿಸಿಕೊಂಡಿರುತ್ತಾನೆ. ನಿಮ್ಮ ಸ್ಪೀಡಿನಲ್ಲಿ ಆ ಎರಡು ಸೆಕೆಂಡು 1.33 ಆಗುತ್ತದೆ. ದನಿ ಕೀರಲಾಗದಂತೆ ಆ್ಯಪ್ ಧ್ವನಿಯನ್ನು ಸಣ್ಣ ಸಣ್ಣ ಚೂರು ಮಾಡಿ, ನಡುನಡುವೆ ಒಂದಿಷ್ಟು ಬಿಟ್ಟು ಮತ್ತೆ ಹೊಂದಿಸಿ ಕೊಡುತ್ತದೆ. ಆದ್ದರಿಂದ ಏನೋ ಕಳೆದುಹೋಗಿದೆ ಅಂತ ಕಿವಿಗೆ ಅನ್ನಿಸುವುದೇ ಇಲ್ಲ. 150 ನಿಮಿಷದ ಚಿತ್ರ 100 ನಿಮಿಷಕ್ಕೆ ಮುಗಿಯಿತು, 50 ನಿಮಿಷ ಉಳಿಯಿತು, ಸರಿ. ಕಾರು ಗುದ್ದಾಡುವ ದೃಶ್ಯ ಅಷ್ಟು ವೇಗದಲ್ಲೂ ಕಾರು ಗುದ್ದಾಡುವ ದೃಶ್ಯವೇ. ಹುಡುಗಿಯ ಮೌನ ಮಾತ್ರ ಮೌನವಾಗಿ ಉಳಿಯುವುದಿಲ್ಲ.

ಆ್ಯಕ್ಷನ್‌ಗೆ ಥಿಯೇಟರ್, ಪ್ರೇಮಕ್ಕೆ ಸೋಫಾ ಅನ್ನುವ ನಿಮ್ಮ ಹಂಚಿಕೆಯೂ ತಲೆಕೆಳಗು. ಹಾಸ್ಯಚಿತ್ರದಲ್ಲಿ ಒಂದು ಚಟಾಕಿ ಮುಗಿದ ಕೂಡಲೇ ಮುಂದಿನ ಮಾತು ತರುವುದಿಲ್ಲ. ಎದುರಿಗಿದ್ದವರ ಮುಖ, ಬಾಗಿಲಲ್ಲಿ ನಿಂತ ಅತ್ತೆ, ಅರ್ಧಕ್ಕೆ ನಿಂತ ತುತ್ತು, ಹೀಗೆ ಏನಾದರೊಂದನ್ನು ಎರಡು ಮೂರು ಸೆಕೆಂಡು ತೋರಿಸುತ್ತಾರೆ. ಮುನ್ನೂರು ಜನರ ನಗು ಇಳಿಯಲು ಬಿಟ್ಟ ಜಾಗ ಅದು. ಬಿಡದಿದ್ದರೆ ಮುಂದಿನ ಮಾತು ನಗುವಿನಲ್ಲಿ ಮುಳುಗಿಹೋಗುತ್ತದೆ. ಅದೇ ದೃಶ್ಯವನ್ನು ಮನೆಯಲ್ಲಿ ಒಬ್ಬರೇ ನೋಡಿದರೆ ಆ ಜಾಗ ಖಾಲಿ ಬಿದ್ದಂತೆ ಕಾಣುತ್ತದೆ, ಕೈ ಸ್ಪೀಡಿನ ಬಟನ್ ಹುಡುಕುತ್ತದೆ. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಪ್ರೇಮಚಿತ್ರವಲ್ಲ, ಆದರೂ ಉದಾಹರಣೆಗೆ ಸಾಕು. ದೊಡ್ಡ ಸ್ಟಾರ್ ಇಲ್ಲ, ಹೊಡೆದಾಟದ ಅಬ್ಬರವಿಲ್ಲ. ತುಂಬಿದ ಥಿಯೇಟರಿನಲ್ಲಿ ನಕ್ಕು ಬಂದವರು ಇನ್ನೊಬ್ಬರನ್ನು ಕಳಿಸಿ ಕಳಿಸಿ ಓಡಿದ ಚಿತ್ರ ಅದು.

ನಿಮ್ಮ ಕಡೆಯ ನ್ಯಾಯವನ್ನೂ ಹೇಳಬೇಕು. ನಾಲ್ಕು ಜನರ ಮನೆಯವರು ಟಿಕೆಟ್ಟು, ಪಾಪ್‌ಕಾರ್ನು, ಪೆಟ್ರೋಲು ಎಂದು ಲೆಕ್ಕ ಹಾಕಿದರೆ ಒಟಿಟಿ ಅಗ್ಗ. ಟಿಕೆಟ್ ದರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಇನ್ನು ಜಿಲ್ಲಾ ಕೇಂದ್ರಗಳ ಎಷ್ಟೋ ಥಿಯೇಟರುಗಳಲ್ಲಿ ಮಾತೇ ಕೇಳಿಸುವುದಿಲ್ಲ ಅನ್ನುವುದೂ ನಿಜ. ಅದಕ್ಕೆ ಕಾರಣವಿದೆ. ಧ್ವನಿ ನಿಯಂತ್ರಿಸುವ ಪ್ರೊಸೆಸರಿನಲ್ಲಿ 0ಯಿಂದ 10ರವರೆಗೆ ಅಂಕಿಗಳಿರುತ್ತವೆ, ಚಿತ್ರಕ್ಕೆ ಧ್ವನಿಮಿಶ್ರಣ ಮಾಡುವುದು 7ರಲ್ಲಿ. ಆ್ಯಕ್ಷನ್ ಚಿತ್ರದ ಅಬ್ಬರಕ್ಕೆ ಯಾರೋ ಗೊಣಗಿದರೆ ಆಪರೇಟರು ಅದನ್ನು 5ಕ್ಕೆ ಇಳಿಸುತ್ತಾನೆ, ಅಂದರೆ ಆರೇಳು ಡೆಸಿಬೆಲ್ ಕಡಿಮೆ. ಮುಂದಿನ ಶುಕ್ರವಾರ ಪಿಸುಮಾತಿನ ಪ್ರೇಮಚಿತ್ರ ಬಂದಾಗಲೂ ಅಂಕಿ ಅಲ್ಲಿಯೇ ಇರುತ್ತದೆ. ಸಂಭಾಷಣೆ ಬರುವುದು ಬಹುಪಾಲು ಪರದೆಯ ಹಿಂದಿನ ನಡು ಸ್ಪೀಕರಿನಿಂದ. ಪರದೆಯ ಸಣ್ಣ ತೂತುಗಳಲ್ಲಿ ಧೂಳು ಕಟ್ಟಿದ್ದರೆ, ಆ ಸ್ಪೀಕರಿನ ಮೇಲ್ದನಿಯ ಭಾಗ ಸತ್ತಿದ್ದರೆ, ಸ, ಶ, ತ ಎಲ್ಲ ಒಂದೇ ಆಗಿ ಚಟಾಕಿ ಹಾರುವುದೇ ಇಲ್ಲ. ಥಿಯೇಟರಿನ ಮೂರನೇ ಎರಡು ಭಾಗ ಹಿಂದಕ್ಕೆ, ಸಾಲಿನ ನಡುವಿನ ಸೀಟು ಹಿಡಿಯಿರಿ. ಮಾತು ಕೇಳದಿದ್ದರೆ ಮೊದಲ ಹತ್ತು ನಿಮಿಷದಲ್ಲೇ ಎದ್ದು ಮ್ಯಾನೇಜರಿಗೆ ಹೇಳಿ. ಇಂಟರ್‌ವಲ್‌ನಲ್ಲಿ ಹೇಳಿದರೆ ಫಸ್ಟ್ ಹಾಫ್ ವಾಪಸು ಬರುವುದಿಲ್ಲ.

ಈಗ ಸೆಕೆಂಡ್ ಹಾಫ್ ವಿಷಯ. ಅಲ್ಲಿ ಎಳೆಯುತ್ತದೆ ಎಂಬ ನಿಮ್ಮ ದೂರು ಸರಿ, ಆದರೆ ಅದಕ್ಕೆ ಚಿತ್ರದ ಉದ್ದ ಕಾರಣವಲ್ಲ. 2024ರ ಮಲಯಾಳಂ 'ಪ್ರೇಮಲು' ಎರಡೂವರೆ ಗಂಟೆಗೂ ಹೆಚ್ಚು, ಯಾರೂ ಕೈಗಡಿಯಾರ ನೋಡಲಿಲ್ಲ. ಅಲ್ಲಿ ಹುಡುಗನಿಗೆ ನೆಟ್ಟಗಿನ ಕೆಲಸವಿಲ್ಲ, ಹುಡುಗಿಗೆ ಅವನ ಮೇಲೆ ಪ್ರೀತಿಯಿಲ್ಲ, ಎರಡೂ ಸುಲಭಕ್ಕೆ ಬಗೆಹರಿಯುವುದೂ ಇಲ್ಲ. ಅಡ್ಡಿ ಬದುಕಿರುವವರೆಗೆ ಚಿತ್ರ ಎಳೆಯುವುದಿಲ್ಲ. ಇಂಟರ್‌ವಲ್‌ಗೆ ಮೊದಲೇ ಅಡ್ಡಿ ಸತ್ತುಹೋದರೆ ಮಿಕ್ಕ ಎಪ್ಪತ್ತು ನಿಮಿಷ ಅದರ ತಿಥಿಯೂಟ.

1934ರಲ್ಲಿ ಫ್ರಾಂಕ್ ಕಾಪ್ರಾ 'ಇಟ್ ಹ್ಯಾಪನ್ಡ್ ಒನ್ ನೈಟ್' ತೆಗೆದಾಗ ನಾಯಕ ನಾಯಕಿ ಮಲಗುವ ಒಂದೇ ಕೋಣೆಯ ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ ಕಂಬಳಿ ನೇತುಹಾಕಿದ. ಅಡ್ಡಿ ಕಣ್ಣಿಗೇ ಕಾಣುವ ವಸ್ತುವಾಯಿತು. ಅದು ಯಾವಾಗ ಬೀಳುತ್ತದೆಂಬ ಕಾತರದಲ್ಲಿ ಕೊನೆಯವರೆಗೂ ಜನ ಕೂತರು, ಐದು ಮುಖ್ಯ ಆಸ್ಕರ್‌ಗಳೂ ಬಂದವು. ನಮ್ಮಲ್ಲಿ 1990ರ 'ಗಣೇಶನ ಮದುವೆ' ನೋಡಿ. ಫಣಿ ರಾಮಚಂದ್ರ ಅವರ ವಠಾರದಲ್ಲಿ ಅನಂತ್ ನಾಗ್‌ಗೂ ವಿನಯಾ ಪ್ರಸಾದ್‌ಗೂ ಎಣ್ಣೆ ಸೀಗೆಕಾಯಿ. ಆತ ಮನಸೋತಿರುವುದು ಶ್ರುತಿ ಎಂಬ ಗಾಯಕಿಗೆ. ಜಗಳವಾಡುವ ಆದಿಲಕ್ಷ್ಮಿಯೇ (ವಿನಯಾ ಪ್ರಸಾದ್) ಆ ಶ್ರುತಿ ಎಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಪ್ರತಿ ಜಗಳಕ್ಕೂ ಎರಡೆರಡು ಸಲ ನಗು. ಖರ್ಚೇನು? ಒಂದು ವಠಾರ, ನಾಲ್ಕು ಬಾಗಿಲು.

ನಿಮ್ಮ ಪ್ರೀತಿಯ 'ಮುಂಗಾರು ಮಳೆ' 2006ರ ಡಿಸೆಂಬರ್ ಕೊನೆಗೆ ಬಂತು. ಕಥೆ ಮಡಿಕೇರಿಯದು, ಚಿತ್ರೀಕರಣ ನಿಮ್ಮ ಸಕಲೇಶಪುರದ ಸುತ್ತಲೂ ನಡೆದಿತ್ತು. ಮಳೆ, ಹಾಡು, ಗಣೇಶ್ ಮಾತಿನ ಮೋಡಿ ಎಂದು ಎಲ್ಲರೂ ಹೊಗಳುತ್ತಾರೆ. ಆಮೇಲೆ ಬಂದವರು ನಕಲು ಮಾಡಿದ್ದೂ ಅದನ್ನೇ. ಚಿತ್ರವನ್ನು ಹಿಡಿದು ನಿಲ್ಲಿಸಿದ್ದು ಬೇರೆ: ಹುಡುಗಿಯ ಮದುವೆ ಗೊತ್ತಾಗಿದೆ, ದಿನ ಹತ್ತಿರ ಬರುತ್ತಿದೆ, ಅವಳ ಅಪ್ಪನ ಮನೆಯಲ್ಲೇ ಇವನು ಅತಿಥಿ. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಇವನೊಳಗಿನ ಅಡ್ಡಿ, ಮುಹೂರ್ತ ಹೊರಗಿನ ಅಡ್ಡಿ. ಎರಡೂ ಕೊನೆಯ ರೀಲಿನವರೆಗೆ ಸಡಿಲಲಿಲ್ಲ. ಛತ್ರಿ ಬಿಸಾಕಿ ನೆನೆಯುವವರು ಆಮೇಲೆ ನೂರು ಜನ ಬಂದರು, ಅತಿಥಿಯ ಸಂಕಟ ಯಾರೂ ತರಲಿಲ್ಲ.

ಈಗಿನವರ ಕಷ್ಟವೂ ಸುಳ್ಳಲ್ಲ. ಮೊಬೈಲ್ ಬಂದ ಮೇಲೆ ತಪ್ಪಿಹೋದ ಕಾಗದ, ಸಿಗದ ವಿಳಾಸ ಎಲ್ಲ ಮಾಯ. ಒಂದು ಕರೆಯಲ್ಲಿ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ಮುಕ್ಕಾಲು ಗಂಟೆ ಎಳೆದರೆ ಪ್ರೇಕ್ಷಕ "ಫೋನ್ ಮಾಡೋ ಮಾರಾಯ" ಅನ್ನುತ್ತಾನೆ, ಸರಿಯಾಗಿಯೇ. ಆಗ ಚಿತ್ರಕಥೆಗಾರ ಸಾಲ ಎತ್ತುತ್ತಾನೆ: ಅಪಘಾತ, ಕಾಯಿಲೆ, ನೆನಪು ಹೋಗುವುದು, ಎಲ್ಲಿಂದಲೋ ಬಂದಿಳಿಯುವ ರೌಡಿ. ಇವು ಪಾತ್ರದೊಳಗಿಂದ ಬಂದವಲ್ಲವಾದ್ದರಿಂದ ನಗುವೂ ನಿಲ್ಲುತ್ತದೆ, ಅಳುವೂ ಬರುವುದಿಲ್ಲ. 2017ರ 'ಒಂದು ಮೊಟ್ಟೆಯ ಕಥೆ' ಈ ಸಾಲವಿಲ್ಲದೆ ಗೆದ್ದಿತು. ತನ್ನ ಬೋಳು ತಲೆ ನೋಡಿ ಹೆಣ್ಣುಗಳು ಹಿಂದೆ ಸರಿಯುತ್ತಾರೆಂದು ಕೊರಗುವ ಕನ್ನಡ ಮೇಷ್ಟ್ರು ತಾನೂ ರೂಪ ನೋಡಿಯೇ ಅಳೆಯುವವನು. ಅಡ್ಡಿ ಅವನ ಕಣ್ಣಿನಲ್ಲೇ ಇದೆ, ಅದಕ್ಕೆ ರೌಡಿ ಬೇಡ.

ಅಡ್ಡಿಗೆ ಬರವಿದೆಯೇ ನಮ್ಮ ಕಡೆ? ಹಾಸನ, ಚಿಕ್ಕಮಗಳೂರಿನಲ್ಲಿ ಮದುವೆ ಮುರಿಯುವುದು ಜಾತಿಗೆ, ಜಾತಕಕ್ಕೆ, ತೋಟದ ಪಾಲಿಗೆ, "ಹುಡುಗ ಬೆಂಗಳೂರಿನಲ್ಲಿಲ್ಲ" ಎಂಬುದಕ್ಕೆ. ನಮ್ಮ ಪ್ರೇಮಚಿತ್ರಗಳ ನಾಯಕನಿಗೆ ಜಾತಿಯಿಲ್ಲ, ಜಮೀನಿಲ್ಲ, ಕೆಲವೊಮ್ಮೆ ಕೆಲಸವೂ ಇಲ್ಲ. ಹೀಗೆ ಕೈ ತೊಳೆದುಕೊಂಡ ಮೇಲೆ ಅಡ್ಡಿ ಎಲ್ಲಿಂದ ತರುತ್ತಾರೆ? 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಯುವಕರು ರೈತರಿಗೆ ಹೆಣ್ಣು ಸಿಗುತ್ತಿಲ್ಲವೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ನಗಲೂಬಹುದಾದ, ಅಳಲೂಬಹುದಾದ ಇಂಥ ವಸ್ತು ಕಾಲ ಬುಡದಲ್ಲಿ ಬಿದ್ದಿದೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್ ಹತ್ತಿರವಾಗಿರುತ್ತದೆ. ಮನೆಯವರೆಲ್ಲ ಕಣದಲ್ಲಿ, ಆಳುಗಳು ಸಿಗದೆ ಪರದಾಟ. ಅಂಥ ಹೊತ್ತಿನಲ್ಲಿ ಮಗ ಹುಡುಗಿ ಕರೆದುಕೊಂಡು ಬಂದು ಅಂಗಳದಲ್ಲಿ ನಿಂತರೆ ಅಪ್ಪನಿಗೆ ಮೊದಲು ಕಾಣುವುದು ಸೊಸೆಯೋ, ಹಣ್ಣು ಕೊಯ್ಯಲು ಇನ್ನೆರಡು ಕೈಯೋ? ಇದನ್ನು ಬರೆಯುವವರಿಲ್ಲ. ನಮ್ಮೂರು ಬೇಕಾಗುವುದು ಮುಳ್ಳಯ್ಯನಗಿರಿಯ ಮೇಲೆ ಡ್ರೋನ್ ಹಾರಿಸಲು, ಜೀಪಿನಲ್ಲಿ ಹಾಡು ಮುಗಿಸಲು, ಹೋಮ್‌ಸ್ಟೇ ಜಗಲಿಯಲ್ಲಿ ಕಾಫಿ ಕುಡಿಸಲು. ಆ ಕಾಫಿ ಕೊಯ್ದವರು ಫ್ರೇಮಿನಲ್ಲಿ ಕಂಡರೆ ಕಟ್. 2016ರ 'ಕಿರಿಕ್ ಪಾರ್ಟಿ'ಗೆ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಕಾರಿಡಾರುಗಳು ಕ್ಯಾಮೆರಾ ಸೇರಿದವು, ಅಲ್ಲಿ ಹುಡುಗರಾದರೂ ಹುಡುಗರ ಹಾಗಿದ್ದರು.

ಸ್ಟಾರ್ ಕೊಡುವುದಿಲ್ಲ, ಕ್ಷಮಿಸಿ. 'ಕೃಷ್ಣಂ ಪ್ರಣಯ ಸಖಿ'ಯ ಹಾಡಿಗೆ ಮನಸೋತವರಿಗೂ, ಚಿತ್ರಕಥೆ ನೋಡಿ ಬೇಸತ್ತವರಿಗೂ ಒಂದೇ ಎರಡೂವರೆ ಸ್ಟಾರ್ ಕೊಟ್ಟು ಏನು ಹೇಳಿದಂತಾಯಿತು? ನಿಮ್ಮ ಗುಂಪಿನ ಮಾತಿಗೆ ಸ್ಟಾರಿಗಿಂತ ಬಲವಿದೆ. 2020ರಲ್ಲಿ 'ಲವ್ ಮಾಕ್‌ಟೇಲ್' ಮೊದಲ ದಿನಗಳಲ್ಲಿ ಸೊರಗಿ, ಆಮೇಲೆ ಮೇಲೆದ್ದದ್ದು ಬಾಯಿಮಾತಿನಿಂದ. ಆದರೆ ಆ ಬಾಯಿಮಾತು ಥಿಯೇಟರಿನ ಗೇಟಿನಲ್ಲಿ ಮೈಕು ಹಿಡಿದವರ ಮುಂದೆ "ಬೆಂಕಿ", "ಬಕ್ವಾಸ್" ಎಂದು ಕೂಗುವುದಕ್ಕಿಂತ ಸ್ವಲ್ಪ ಮುಂದೆ ಹೋಗಲಿ.

ಹೀಗೆ ಮಾಡಿ. ಇಂಟರ್‌ವಲ್‌ನಲ್ಲಿ ಕಾಫಿ ಲೋಟ ಕೈಯಲ್ಲಿರುವಾಗ, ಅವನಿಗೇನು ಬೇಕು, ಅವಳಿಗೇನು ಬೇಕು, ನಡುವೆ ನಿಂತಿರುವುದೇನು ಎಂದು ಗೆಳೆಯರಲ್ಲಿ ಒಬ್ಬರು ಒಂದೇ ವಾಕ್ಯದಲ್ಲಿ ಹೇಳಲಿ. ಹೇಳಲಾಗದಿದ್ದರೆ ಸೆಕೆಂಡ್ ಹಾಫ್ ಎಳೆಯುತ್ತದೆಂದು ಆಗಲೇ ಪಂದ್ಯ ಕಟ್ಟಬಹುದು. ನಗು ಬಂದದ್ದು ಜೋಡಿಯ ನಡುವಿನ ಮಾತಿಗೋ, ಪಕ್ಕದಲ್ಲಿ ನಿಂತ ಕಾಮಿಡಿ ಗೆಳೆಯನಿಗೋ ಗಮನಿಸಿ. ಗೆಳೆಯನನ್ನು ತೆಗೆದರೆ ನಗುವೇ ಉಳಿಯುವುದಿಲ್ಲ ಅಂದರೆ ಅದು ಪ್ರೇಮಹಾಸ್ಯವಲ್ಲ, ಪ್ರೇಮದ ಪಕ್ಕ ಒಂದು ಹಾಸ್ಯ. ಹಾಡಿಲ್ಲದೆ, ಮೂರನೆಯವರಿಲ್ಲದೆ ಇಬ್ಬರೇ ಎರಡು ನಿಮಿಷ ಮಾತಾಡುವ ದೃಶ್ಯ ಎಷ್ಟಿದೆ ನೋಡಿ. ನಾಯಕಿಗೆ ತಪ್ಪು ಮಾಡುವ ಅವಕಾಶ ಒಂದಾದರೂ ಇತ್ತೇ? ಬರೀ ಕೋಪಿಸಿಕೊಂಡು ಕೊನೆಗೆ ಒಪ್ಪುವುದಷ್ಟೇ ಕೆಲಸವಾಗಿದ್ದರೆ, ಆ ನಟಿ ಚೆನ್ನಾಗಿ ಅಭಿನಯಿಸಲಿಲ್ಲವೆಂದು ದೂರುವುದು ಅನ್ಯಾಯ.

ಮುಂದಿನ ಪ್ರೇಮಚಿತ್ರವನ್ನು ನಿಮ್ಮ ಗುಂಪು ಮೊದಲ ವಾರದಲ್ಲೇ, ಸಂಜೆ ಷೋನಲ್ಲಿ ನೋಡಿ 250 ಪದ ಬರೆದು ಕಳಿಸಲಿ. ಬೆಳಗಿನ ಷೋ ಬೇಡ, ಖಾಲಿ ಥಿಯೇಟರಿನಲ್ಲಿ ಹಾಸ್ಯಚಿತ್ರಕ್ಕೆ ನ್ಯಾಯ ಸಿಗುವುದಿಲ್ಲ. "ಲ್ಯಾಗ್" ಎಂದು ಬರೆದರೆ ಎಷ್ಟನೇ ದೃಶ್ಯದಿಂದ, ಏನು ಮುಗಿದುಹೋದ ಮೇಲೆ ಎಂದೂ ಬರೆಯಬೇಕು. ಒಟಿಟಿಯಲ್ಲೇ ನೋಡಿದ್ದಾದರೆ ಸ್ಪೀಡ್ ಎಷ್ಟಿಟ್ಟಿದ್ದಿರಿ ಎಂದು ಲಕೋಟೆಯ ಮೇಲೆಯೇ ಬರೆಯಿರಿ.