ಎಂಜಿನ್ ಬದಲಿಸಲು ಸರ್ಕಾರ ಹಣ ಕೊಡುತ್ತದೆಯೇ?

ಪ್ರಶ್ನೆ: ನನ್ನ ಬಳಿ ಇರುವುದು 2012ರ ಒಂದೇ ಟ್ರೇಲರ್, ಬಿಎಸ್-3 (ಹೊಗೆ ಮಿತಿಯ ಹಳೆಯ ಮಟ್ಟ; ಈಗಿನದು ಬಿಎಸ್-6). ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಿಂದ ಭಿವಂಡಿಗೆ ಕಂಟೇನರ್ ಸಾಗಿಸುತ್ತೇನೆ. ಹಳೆಯ ಲಾರಿಯ ಎಂಜಿನ್ ಬದಲಿಸಲು ಸ್ಥಳೀಯ ಆಡಳಿತವೇ ಅನುದಾನ ಕೊಡುತ್ತದೆ ಎಂದು ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾವ ಹೇಳುತ್ತಾರೆ. ನಿಜವೇ? ನಮಗೂ ಅಂಥದ್ದು ಇದೆಯೇ?
– ಲಾರಿ ಮಾಲೀಕ, ಕಲಂಬೋಲಿ

ಉತ್ತರ: ನಿಜ. ಅದರ ಹೆಸರು ಕಾರ್ಲ್ ಮೋಯರ್ ಯೋಜನೆ, 1998ರಿಂದ ನಡೆದುಬಂದಿದೆ. ಹಣ ರಾಜ್ಯದ್ದು, ಅರ್ಜಿ ಪಡೆದು, ಲಾರಿ ನೋಡಿ ಹಂಚುವುದು ಅಲ್ಲಿನ ‘ವಾಯು ಜಿಲ್ಲೆ’ಗಳು, ಅಂದರೆ ಗಾಳಿಯನ್ನು ಕಾಯಲೆಂದೇ ಇರುವ ಸ್ಥಳೀಯ ಆಡಳಿತಗಳು. ಕಾನೂನು ಹೇಗೂ ಮಾಡಿಸಲಿರುವ ಕೆಲಸಕ್ಕೆ ಕಾಸಿಲ್ಲ. ಕಾನೂನು ಕೇಳುವುದಕ್ಕಿಂತ ಹೆಚ್ಚಾಗಿ, ಇಲ್ಲವೇ ಅದು ಕೇಳುವ ಮೊದಲೇ ಹೊಗೆ ತಗ್ಗಿಸುವವರಿಗೆ ಮಾತ್ರ. ಇನ್ನೊಂದು ಷರತ್ತು ನನಗೆ ಬಹಳ ಹಿಡಿಸಿತು: ಹಳೆಯ ಎಂಜಿನ್ ಮತ್ತೆ ತಿರುಗಬಾರದೆಂದು ಅದರ ಬ್ಲಾಕ್‌ಗೆ ಮೂರು ಇಂಚಿನ ತೂತು ಹೊಡೆಯಬೇಕು.

ಆ ತೂತಿನ ಬೆಲೆ ಕಲಂಬೋಲಿಯಲ್ಲಿ ಮೂವತ್ತು ವರ್ಷ ಲಾರಿ ನಡೆಸಿದ ನನಗೆ ಗೊತ್ತು. ನಾನು ಮಾರಿದ ಮೊದಲ ಲಾರಿಯನ್ನು ಆರು ವರ್ಷಗಳ ನಂತರ ಸೋಲಾಪುರ ರಸ್ತೆಯ ಒಂದು ಢಾಬಾದ ಮುಂದೆ ಕಂಡೆ. ಬಣ್ಣ ಬೇರೆ, ಬಾಗಿಲಿನ ನೆಗ್ಗು ಅದೇ, ಹೊಗೆ ಮೊದಲಿಗಿಂತ ಕಪ್ಪು. ನಾವು ಮಾರಿದ ಲಾರಿ ಸಾಯುವುದಿಲ್ಲ, ಊರು ಬದಲಿಸುತ್ತದೆ.

ನಮ್ಮಲ್ಲಿ ಎಂಜಿನ್ ಒಂದನ್ನೇ ಬದಲಿಸಲು ಅನುದಾನವಿಲ್ಲ. ಇರುವುದು ವಿದ್ಯುತ್ ವಾಹನ ಕೊಳ್ಳುವವರಿಗೆ ನೆರವಾಗುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ. 2025ರ ಜುಲೈಯಲ್ಲಿ ಪ್ರಕಟವಾದ ನಿಯಮದಂತೆ ವಿದ್ಯುತ್ ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿ. ಖರೀದಿಸುವಾಗಲೇ ಬೆಲೆಯಲ್ಲಿ ಕಳೆಯುತ್ತಾರೆ. ಇಲ್ಲಿಯೂ ಹಳೆಯ ಲಾರಿಯೊಂದು ಗುಜರಿ ಸೇರಿದ ಪ್ರಮಾಣಪತ್ರ ಕಡ್ಡಾಯ. ಆದ್ದರಿಂದ ಟ್ರೇಲರನ್ನು ದಲ್ಲಾಳಿಗೆ ಕೊಟ್ಟುಬಿಡಬೇಡಿ. ನೋಂದಾಯಿತ ಗುಜರಿ ಕೇಂದ್ರಕ್ಕೇ ಒಪ್ಪಿಸಿ, ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಕೈಗೆ ಬಂದ ಮೇಲೆಯೇ ಅಲ್ಲಿಂದ ಹೊರಡಿ. ಮುಂದೆ ಡೀಸೆಲ್ ಲಾರಿಯನ್ನೇ ಕೊಂಡರೂ ರಸ್ತೆ ತೆರಿಗೆಯ ರಿಯಾಯಿತಿಗೆ ಆ ಕಾಗದವೇ ಆಧಾರ.

ಆದರೆ ಒಂದೇ ಲಾರಿ ಇಟ್ಟುಕೊಂಡು ಸಂಸಾರ ತೂಗಿಸುವವರಿಗೆ ಇದು ಸಾಲದು. ದೊಡ್ಡ ವಿದ್ಯುತ್ ಟ್ರೇಲರ್ ಕೋಟಿ ರೂಪಾಯಿಯ ಮಾತು; ಅದರಲ್ಲಿ ಒಂಬತ್ತು ಲಕ್ಷ ಎಷ್ಟು ದೂರ ಬಂದೀತು? ಗಾಳಿ ಶುದ್ಧವಾಗಲೆಂದು ಹದಿನೈದನೇ ಹಣಕಾಸು ಆಯೋಗ 2020-21ರಲ್ಲಿ ಮುಂಬಯಿ, ಪುಣೆ ಸೇರಿ 42 ನಗರಗಳಿಗೆ 4,400 ಕೋಟಿ ರೂಪಾಯಿ ಅನುದಾನ ಶಿಫಾರಸು ಮಾಡಿತ್ತು. ಅಂಥ ಹಣದ ಒಂದು ಪಾಲು ಪಾಲಿಕೆಗಳ ಮೂಲಕ ನಿಮ್ಮಂಥವರ ಕೈಗೆ ಬರಬೇಕು, ವಿದ್ಯುತ್ ಲಾರಿಗೆ ಮಾತ್ರವಲ್ಲ, ಬಿಎಸ್-6 ಲಾರಿಗೂ ಸಿಗಬೇಕು ಎಂಬುದು ನನ್ನ ಒತ್ತಾಯ. ಲೆಕ್ಕ ನೋಡಿ: ಬಿಎಸ್-3 ಎಂಜಿನ್ ಪ್ರತಿ ಯೂನಿಟ್ ಶಕ್ತಿಗೆ 5 ಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳಬಹುದಿತ್ತು, ಬಿಎಸ್-6ಕ್ಕೆ 0.4 ಗ್ರಾಂ ಮಾತ್ರ. ಮಸಿಯ ಮಿತಿ ಹತ್ತನೇ ಒಂದಕ್ಕೆ ಇಳಿದಿದೆ. ಬಂದರಿನ ಗೇಟಿನ ಮುಂದೆ ಸಾಲಿನಲ್ಲಿ ನಿಂತು, ಮುಂದಿನ ಲಾರಿಯ ಹೊಗೆಯಲ್ಲೇ ಊಟದ ಡಬ್ಬಿ ಬಿಚ್ಚುವ ಕ್ಲೀನರ್ ಹುಡುಗನಿಗೆ ಅಷ್ಟೂ ಉಳಿತಾಯವೇ.

ಪ್ರಶ್ನೆ: ಹಳೆಯ ಲಾರಿಗೆ ಬಿಎಸ್-6 ಎಂಜಿನ್ ಕೂರಿಸಿಕೊಡುತ್ತೇನೆಂದು ಒಬ್ಬ ಮೇಸ್ತ್ರಿ ಹೇಳುತ್ತಾನೆ. ಒಪ್ಪಲೇ?
– ಓದುಗ, ವಾಶಿ

ಉತ್ತರ: ಬೇಡ. ಬಿಎಸ್-6 ಎಂದರೆ ಎಂಜಿನ್ ಒಂದೇ ಅಲ್ಲ. ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ಟ್ಯಾಂಕ್, ಸೆನ್ಸರ್‌ಗಳು, ಇವನ್ನೆಲ್ಲ ಆಳುವ ಗಣಕ, ಎಲ್ಲವೂ ಸೇರಿದ ಒಂದು ಕುಟುಂಬ. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ. ಆರ್‌ಸಿ ಪುಸ್ತಕಕ್ಕೆ ಹೊಂದದ ಎಂಜಿನ್ ಇಟ್ಟುಕೊಂಡು ಫಿಟ್‌ನೆಸ್‌ಗೆ ಹೋದರೆ ಲಾರಿ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಡಿಇಎಫ್ (ಬಿಎಸ್-6 ಲಾರಿಯ ಯೂರಿಯಾ ಟ್ಯಾಂಕಿಗೆ ಹಾಕುವ ದ್ರವ) ಖರ್ಚು ಉಳಿಸಲು ಗೊಬ್ಬರದ ಯೂರಿಯಾವನ್ನೇ ನೀರಿಗೆ ಕಲಸಿ ಹಾಕಬಹುದೇ?
– ಚಾಲಕ, ತಳೋಜಾ

ಉತ್ತರ: ಖಂಡಿತ ಹಾಕಬೇಡಿ. ಡಿಇಎಫ್‌ನಲ್ಲಿ ಇರುವುದು ಶುದ್ಧ ಯೂರಿಯಾ 32.5 ಶೇಕಡಾ, ಉಳಿದದ್ದು ಲವಣ ತೆಗೆದ ನೀರು. ನಲ್ಲಿ ನೀರು, ಗೊಬ್ಬರ ಎರಡರಲ್ಲೂ ಅದಕ್ಕೆ ಒಗ್ಗದ ಕಲ್ಮಶವಿದೆ. ಹೀಗೆ ಮಾಡಿದ ಲಾರಿಯೊಂದರ ಇಂಜೆಕ್ಟರನ್ನು ನನ್ನ ಎದುರಿಗೇ ಬಿಚ್ಚಿದ್ದರು. ಮೂತಿಯ ತುಂಬ ಕಲ್ಲುಸಕ್ಕರೆಯಂಥ ಬಿಳಿ ಗಟ್ಟಿ. ಉಗುರಿನಿಂದ ಕೆರೆದರೂ ಏಳಲಿಲ್ಲ. ಆ ಮಾಲೀಕರು ಕೊನೆಗೆ ಇಂಜೆಕ್ಟರ್, ಪಂಪ್ ಎರಡನ್ನೂ ಹೊಸದಾಗಿ ಹಾಕಿಸಬೇಕಾಯಿತು. ಸೀಲ್ ಇರುವ ಕ್ಯಾನನ್ನೇ ಕೊಳ್ಳಿ, ಡೀಸೆಲ್ ಮುಟ್ಟಿದ ಫನಲ್ ಬಳಸಬೇಡಿ, ಕ್ಯಾನನ್ನು ಬಿಸಿಲಿನಲ್ಲಿ ಇಡಬೇಡಿ.