ಕೇರ್ ಹೋಮ್‌ನಲ್ಲಿ ಹಾಡು, ಕುಣಿತ: ಉಪಯೋಗ ಇದ್ಯಾ?

ಪ್ರಶ್ನೆ: ಅಮ್ಮಂಗೆ ಮರೆವಿನ ಕಾಯಿಲೆ, ಕೇರ್ ಹೋಮ್‌ನಲ್ಲಿದ್ದಾರೆ. ಅಲ್ಲಿ ದಿನಾ ಹಾಡು ಹಾಕಿ ಕೂತಲ್ಲೇ ಕೈಕಾಲು ಆಡಿಸ್ತಾರೆ. ಇದ್ರಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?

ಉತ್ತರ: ಖಂಡಿತ ಆಗುತ್ತೆ, ನಿಲ್ಲಿಸೋಕೆ ಬಿಡಬೇಡಿ. ಹೆಸರು, ಮುಖ ಮರೆತೋದ್ರೂ ಹಳೇ ಹಾಡು ಎಷ್ಟೋ ಜನಕ್ಕೆ ತುಂಬಾ ಕಾಲ ನೆನಪಲ್ಲಿ ಉಳಿಯುತ್ತೆ, ಅದ್ರಲ್ಲೂ ಹರೆಯದಲ್ಲಿ ಕೇಳಿದ್ದು, ಹಾಗಾಗಿ ಅಮ್ಮ ಆಗ ಏನು ಗುನುಗ್ತಿದ್ರು ಅಂತ ಮನೆಯವರನ್ನೆಲ್ಲಾ ಕೇಳಿ ಒಂದು ಲಿಸ್ಟ್ ಮಾಡಿ ಸ್ಟಾಫ್‌ಗೆ ಕೊಡಿ, ಇದು ನಿಮ್ಮಿಂದ ಮಾತ್ರ ಆಗೋ ಕೆಲಸ. ತಾಳಕ್ಕೆ ಕಾಲು ಎತ್ತಿಳಿಸ್ತಾ ಇದ್ರೆ ತೊಡೆಗೆ ಬಲ ಬರುತ್ತೆ. 65 ದಾಟಿದವರು ವಾರಕ್ಕೆ 3 ದಿನವಾದ್ರೂ ಬ್ಯಾಲೆನ್ಸ್, ಶಕ್ತಿ ಹೆಚ್ಚಿಸೋ ಚಟುವಟಿಕೆ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. ಆದ್ರೆ ಸೌಂಡ್ ಜೋರಿದ್ದು ಪಕ್ಕದಲ್ಲಿ ಟಿವಿನೂ ಓಡ್ತಿದ್ರೆ ಗಾಬರಿ ಆಗ್ಬಹುದು, ಅಮ್ಮನ ಮುಖ ಸಪ್ಪಗಾದ್ರೆ ಹಾಡು ಬದಲಾಯಿಸೋಕೆ ಹೇಳಿ.