ಕೃಷಿಯಲ್ಲಿ ಪಿಎಚ್‌ಡಿ ಮಾಡಬೇಕು. ಪ್ರಾಜೆಕ್ಟ್ ಜೆಆರ್‌ಎಫ್‌ಗೆ (ಪ್ರಾಜೆಕ್ಟ್ ಹಣದಲ್ಲಿ ಸಂಶೋಧನೆ ಮಾಡುವ ಜೂನಿಯರ್ ರಿಸರ್ಚ್ ಫೆಲೋ) ಈಗಲೇ ಸೇರಲಾ, ಹೊರದೇಶಕ್ಕೆ ಪ್ರಯತ್ನಿಸಲಾ? ಹಣ ಎಲ್ಲಿ ಜಾಸ್ತಿ?

ಎಂಎಸ್ಸಿ ಮುಗಿದಿದೆ, ಮಿಶ್ರ ಬೆಳೆ ಮೇಲೆ ಸಂಶೋಧನೆ ಮಾಡುವ ಆಸೆ, ಕೈಯಲ್ಲಿ ಮೂರು ವರ್ಷದ ಪ್ರಾಜೆಕ್ಟ್‌ನ ಆರ್ಡರ್, ಸೆಪ್ಟೆಂಬರ್‌ನಲ್ಲಿ ಸೇರಬೇಕು ಎಂದು ಬರೆದಿದ್ದೀರಿ. ನಾನು ಸೇರಿದ್ದೂ ಸೆಪ್ಟೆಂಬರ್‌ನಲ್ಲೇ, 2014ರಲ್ಲಿ. ನನ್ನ ವಿಷಯ ತೊಗರಿ ಮತ್ತು ನವಣೆ ಅಕ್ಕಡಿ ಬೆಳೆ.

ಆ ಅಕ್ಟೋಬರ್‌ನಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 25,000 ರೂಪಾಯಿ ಆಯಿತು. ನಮ್ಮ ಮನೆಯಲ್ಲಿ ಅಷ್ಟು ಹಣ ಪ್ರತಿ ತಿಂಗಳು ನೋಡಿದವರೇ ಇರಲಿಲ್ಲ. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ನಾನೂ ಸೇರುವಾಗ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಮಾತ್ರ ನೋಡಿ ಸಹಿ ಹಾಕಿದ್ದೆ.

ಆರ್ಡರ್‌ನ ಎರಡನೇ ಪುಟದ ಕೊನೆಯಲ್ಲಿ ‘ಕೋ-ಟರ್ಮಿನಸ್’ ಅಂತ ಒಂದು ಪದ ಇತ್ತು. ಓದಿದ್ದೆ. ಎಲ್ಲ ಆರ್ಡರ್‌ಗಳಲ್ಲೂ ಇರುವ ಮಾತು ಅಂದುಕೊಂಡೆ. ದಯವಿಟ್ಟು ಈ ಪದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಪ್ರಾಜೆಕ್ಟ್ ಯಾವತ್ತು ಮುಗಿಯುತ್ತದೋ ಅವತ್ತೇ ನಿಮ್ಮ ಹಣವೂ ನಿಲ್ಲುತ್ತದೆ. ಪಿಎಚ್‌ಡಿ ಮುಗಿದಿದೆಯೋ ಇಲ್ಲವೋ ಅದು ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ ಮೂರು ವರ್ಷದ ಪ್ರಾಜೆಕ್ಟ್ ಎಂದಿತ್ತು, ನನಗೂ ಮೂರು ವರ್ಷ ಸಿಗುತ್ತದೆ ಎಂದು ತಿಳಿದೆ. ಆದರೆ ಎಣಿಕೆ ಶುರುವಾಗುವುದು ಹಣ ಮಂಜೂರಾದ ದಿನದಿಂದ. ಅದು ಮಂಜೂರಾಗಿದ್ದು 2013ರ ಏಪ್ರಿಲ್‌ನಲ್ಲಿ. ನಾನು ಸೇರುವ ಹೊತ್ತಿಗೆ ಉಳಿದಿದ್ದು 19 ತಿಂಗಳು. ಮಂಜೂರಾತಿ ಪತ್ರದ ತಾರೀಖು ಯಾವುದು ಸಾರ್ ಅಂತ ಒಂದು ಮಾತು ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಕೇಳಲಿಲ್ಲ.

19 ತಿಂಗಳು ಕಡಿಮೆಯೇನಲ್ಲ ಅನ್ನಿಸಬಹುದು. ತೊಗರಿ ಲೆಕ್ಕದಲ್ಲಿ ನೋಡಿ. ಮುಂಗಾರಿಗೆ ಬಿತ್ತಿದರೆ ಕೊಯ್ಲು ಡಿಸೆಂಬರ್-ಜನವರಿಗೆ. ವರ್ಷಕ್ಕೆ ಒಂದೇ ಬೆಳೆ. ನಾನು ಸೇರಿದಾಗ ಆ ವರ್ಷದ ಬಿತ್ತನೆ ಮುಗಿದು ಎರಡು ತಿಂಗಳಾಗಿತ್ತು. ಹಾಗಾಗಿ ನನ್ನ ಪಾಲಿಗೆ ಇದ್ದಿದ್ದು ಒಂದೇ ಒಂದು ಮುಂಗಾರು, 2015ರದ್ದು. ಆ ವರ್ಷ ಬರ.

ಮೊದಲು ಬಿತ್ತಿದ್ದು ಮೊಳಕೆಯಲ್ಲೇ ಒಣಗಿತು. ಪುಷ್ಯ ಮಳೆಗೆ ಮತ್ತೆ ಬಿತ್ತಿದೆವು. ನವಣೆ ಗೇಣುದ್ದ ಬೆಳೆದು ತೆನೆ ಬಿಡದೆ ನಿಂತಿತು. ಎರೆ ನೆಲ ಎಷ್ಟು ಬಿರುಕು ಬಿಟ್ಟಿತ್ತೆಂದರೆ, ಗಿಡದ ಎತ್ತರ ಅಳೆಯಲು ತಂದಿದ್ದ 30 ಸೆಂಟಿಮೀಟರ್ ಸ್ಕೇಲ್ ಇಳಿಸಿದರೆ ಪೂರ್ತಿ ಒಳಗೆ ಹೋಗುತ್ತಿತ್ತು. ಪ್ಲಾಟ್ ನಂಬರ್ ಬರೆದು ಚೀಟಿ ಕಟ್ಟಿಟ್ಟಿದ್ದ ಚೀಲಗಳು ಹಾಗೇ ಉಳಿದವು.

2016ರ ಮಾರ್ಚ್ 31ಕ್ಕೆ ಹಣ ನಿಂತಿತು. ಹೊಲದ ಪ್ರಯೋಗಕ್ಕೆ ಎರಡು ವರ್ಷದ ಡೇಟಾ ಬೇಕು, ನನ್ನ ಬಳಿ ಒಂದು ವರ್ಷದ್ದೂ ಇರಲಿಲ್ಲ. ಮುಂದಿನ ಎರಡು ವರ್ಷ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದೆ. ಗೈಡ್ ಜಾಗ ಕೊಟ್ಟರು, ಬೀಜ-ಗೊಬ್ಬರ-ಆಳಿನ ಖರ್ಚು ನನ್ನದು. ಅಪ್ಪ ಎತ್ತು, ಕೂರಿಗೆ ತಂದರು. ಕೊಯ್ಲಿಗೆ ಅಮ್ಮ, ಅಕ್ಕ ಬಂದರು. ಒಂದೊಂದು ಪ್ಲಾಟಿನ ತೊಗರಿಯನ್ನು ಬೇರೆ ಬೇರೆ ತಾಡಪಾಲಿನ ಮೇಲೆ ಬಡಿಯಬೇಕು, ಒಂದು ಕಾಳೂ ಬೆರೆಯಬಾರದು. “ಎಲ್ಲಾ ತೊಗರಿನೇ ಅಲ್ಲೇನೋ?” ಎಂದು ಅಮ್ಮ ಕೇಳುತ್ತಿದ್ದರು. ಹಾಗೆ ಕೇಳುತ್ತಲೇ ಒಂದು ಕಾಳೂ ಬೆರೆಸದೆ 36 ಪ್ಲಾಟ್ ಬಡಿದು ಕೊಟ್ಟರು. ಡಿಗ್ರಿ ಕೈಗೆ ಬಂದಿದ್ದು 2019ರಲ್ಲಿ.

ಹಾಗಾಗಿ ‘ಹಣ ಎಲ್ಲಿ ಜಾಸ್ತಿ’ ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಹಣ ಎಷ್ಟು ಮುಂಗಾರಿನವರೆಗೆ ಬರುತ್ತದೆ ಅಂತ ಕೇಳಿ. ನಿಮ್ಮ ಹೆಸರಿಗೇ ಬರುವ ಫೆಲೋಶಿಪ್ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಹಿಡಿಯಿರಿ. ಗೈಡ್‌ನ ಪ್ರಾಜೆಕ್ಟ್ ಮುಗಿದರೂ ಅದು ನಿಲ್ಲುವುದಿಲ್ಲ. ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಪಿಎಚ್‌ಡಿ ಪ್ರವೇಶ ಪರೀಕ್ಷೆ ಬರೆಯಿರಿ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದಿದ್ದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಿ, ಅದು ಗರಿಷ್ಠ ಐದು ವರ್ಷ ಸಿಗುತ್ತದೆ. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ) ನಡೆಸುವ ನೆಟ್ ಪರೀಕ್ಷೆ ಪಾಸಾದರೆ ಹಣ ಬರುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಪಾಠ ಮಾಡುವ ಅರ್ಹತೆ ಮಾತ್ರ, ಫೆಲೋಶಿಪ್ ಅಲ್ಲ.

ಹೊರದೇಶದ ಬಗ್ಗೆ ನನಗೆ ತಕರಾರಿಲ್ಲ. ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯದಲ್ಲಿ ಎಷ್ಟೋ ಪಿಎಚ್‌ಡಿಗಳು ಸಂಬಳದ ಕೆಲಸವೇ, ಕರಾರು ಸಾಮಾನ್ಯವಾಗಿ ನಾಲ್ಕು ವರ್ಷ. ಐಸಿಎಆರ್‌ನ ನೇತಾಜಿ ಸುಭಾಷ್ ಫೆಲೋಶಿಪ್‌ನಲ್ಲೂ ಹೊರಗೆ ಓದಬಹುದು, ಅದು ಮೂರು ವರ್ಷ. ಅಲ್ಲೂ ಗೋಧಿ ವರ್ಷಕ್ಕೆ ಒಂದೇ ಸಲ ಬೆಳೆಯುವುದು, ಅಲ್ವಾ? ಲೆಕ್ಕ ಅದೇ.

ಮೂರೇ ವರ್ಷದ ಹಣ ಸಿಕ್ಕರೆ ಹೊಸ ಪ್ರಯೋಗ ಹೂಡಬೇಡಿ, ಈಗಾಗಲೇ ನಡೆಯುತ್ತಿರುವುದಕ್ಕೆ ಸೇರಿಕೊಳ್ಳಿ. ದೇಶದಲ್ಲಿ 1970ರಲ್ಲಿ ಶುರುವಾದ ದೀರ್ಘಾವಧಿ ಗೊಬ್ಬರ ಪ್ರಯೋಗಗಳು ಇನ್ನೂ ನಡೆಯುತ್ತಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ರಾಗಿ-ಮೆಕ್ಕೆಜೋಳದ ಅಂಥ ಹೊಲ ಇದೆ. ಅಲ್ಲಿ ಹಳೆಯ ವರ್ಷಗಳ ದಾಖಲೆ ಮೊದಲೇ ಇರುತ್ತದೆ. ಮಣ್ಣಿನ ಮಾದರಿಯನ್ನು ಸೇರಿದ ವಾರದಲ್ಲೇ ತೆಗೆಯಬಹುದು, ಮಳೆಗೆ ಕಾಯಬೇಕಿಲ್ಲ. ಸುಸ್ಥಿರ ಕೃಷಿ ಎನ್ನುವವರು ಇಂಥ ಹೊಲ ಬಿಟ್ಟು ಎರಡು ವರ್ಷದ ಪ್ಲಾಟ್ ಹಾಕಿ ಸುಸ್ಥಿರತೆ ಅಳೆಯುತ್ತೇವೆ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಆರ್ಡರ್‌ಗೆ ಒಪ್ಪಿಗೆ ಕಳಿಸುವ ಮೊದಲು ಗೈಡ್‌ಗೆ ಎರಡೇ ಸಾಲು ಬರೆಯಿರಿ: ಹಣ ಮಂಜೂರಾದ ತಾರೀಖು ಯಾವುದು, ಪ್ರಾಜೆಕ್ಟ್ ಮುಗಿದ ಮೇಲೆ ನನ್ನ ಹೊಲದ ಖರ್ಚು ಯಾರದು. ಒಳ್ಳೆಯ ಗೈಡ್ ಬೇಜಾರು ಮಾಡಿಕೊಳ್ಳುವುದಿಲ್ಲ. ಉತ್ತರ ಬಂದ ಮೇಲೆ ಇಲ್ಲೇ ತಿಳಿಸಿ, ತಿಂಗಳುಗಳನ್ನು ಕೂತು ಎಣಿಸೋಣ.